ನಲವತ್ತು ಕಟ್ಟಿನ ಲೆಕ್ಕ

(ಬಂಟ್ವಾಳ ತಾಲೂಕಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಓದುವವರ ಅನುಕೂಲಕ್ಕಾಗಿ ಕೆಲವು ವಿವರಗಳನ್ನು ಸೇರಿಸಿದ್ದೇನೆ.)

ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿದೆ. ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಬೀಡಿ ಕಟ್ಟಿದ್ದಾರೆ? ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ವೇದಿಕೆಯ ಮೇಲಿದ್ದ ನಾನೂ ಕೈ ಎತ್ತಿದೆ. ನನ್ನ ಶಾಲೆಯ ಫೀಸು, ಕಾಲೇಜಿನ ಬಸ್ ಪಾಸು, ಮೊದಲ ಕನ್ನಡಕ ಎಲ್ಲವೂ ಬಂದದ್ದು ಅಮ್ಮ ಕಟ್ಟಿದ ಬೀಡಿಯಿಂದ. ಹಾಗಾಗಿ ‘ಕೂಲಿ ಪದ್ಧತಿ ಮತ್ತು ಕಾರ್ಮಿಕರ ಗಳಿಕೆ’ ಎಂಬ ಇಂದಿನ ವಿಷಯಕ್ಕೆ ಉದಾಹರಣೆ ಹುಡುಕಿಕೊಂಡು ನಾನು ದೂರ ಹೋಗಬೇಕಾಗಿಲ್ಲ.

ಹೊರಗಿನ ಓದುಗರಿಗಾಗಿ ಕೆಲಸದ ಬಗೆಯನ್ನು ಹೇಳಿಬಿಡುತ್ತೇನೆ. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾದಂಥ ರಾಜ್ಯಗಳ ಕಾಡಿನಿಂದ. ಹೊಗೆಸೊಪ್ಪು ನಿಪ್ಪಾಣಿ ಮತ್ತು ಗುಜರಾತಿನ ಕಡೆಯದು. ಕಂಪನಿಯ ಪರವಾಗಿ ಊರಿನಲ್ಲಿ ಎಲೆ ಕೊಟ್ಟು ಬೀಡಿ ಪಡೆಯುವ ಜಾಗಕ್ಕೆ ಬ್ರಾಂಚು ಎನ್ನುತ್ತಾರೆ. ಅಲ್ಲಿಂದ ತಂದ ಎಲೆಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸಬೇಕು. ಆಮೇಲೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಗೆ ಚಿಟಿಕೆ ಹೊಗೆಸೊಪ್ಪು ಹಾಕಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಬೇಕು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ನಲವತ್ತು ಕಟ್ಟಾದರೆ ಸಾವಿರ. ಕೂಲಿ ಸಾವಿರದ ಲೆಕ್ಕದಲ್ಲಿ.

ಶನಿವಾರ ಬ್ರಾಂಚಿಗೆ ಹೋಗುವಾಗ ನಾನು ಅಮ್ಮನ ಹಿಂದೆ ಹೋಗುತ್ತಿದ್ದೆ. ಅಂಗಡಿಯ ಜಗಲಿಯಂಥ ಜಾಗ. ಹೆಂಗಸರು ಸಾಲಾಗಿ ಕುಳಿತಿರುತ್ತಿದ್ದರು, ಪ್ರತಿಯೊಬ್ಬರ ಮಡಿಲಲ್ಲೂ ಬಟ್ಟೆಯ ಗಂಟು. ಒಳಗೆ ಚೆಕ್ಕರ್ ಕುಳಿತಿರುತ್ತಿದ್ದ. ಅವನು ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ಹೆಬ್ಬೆರಳಿನಿಂದ ಒತ್ತಿ, ಒಂದೆರಡು ಬೀಡಿ ಹೊರಗೆಳೆದು ಬಾಯಿ ನೋಡುತ್ತಿದ್ದ. ಸರಿಯಾದದ್ದು ಬಲಕ್ಕೆ, ‘ಸರಿಯಿಲ್ಲ’ ಎಂದದ್ದು ಎಡಗಡೆಯ ಬುಟ್ಟಿಗೆ. ಆ ಎಡಗಡೆಯ ಬುಟ್ಟಿಯನ್ನು ನಾನು ಇಂದಿಗೂ ಮರೆತಿಲ್ಲ. ಅದಕ್ಕೆ ಬಿದ್ದ ಬೀಡಿಯನ್ನು ಯಾರೂ ಮುರಿದು ಹಾಕುತ್ತಿರಲಿಲ್ಲ, ಅಮ್ಮನಿಗೆ ವಾಪಸು ಕೊಡುತ್ತಲೂ ಇರಲಿಲ್ಲ. ಒಮ್ಮೆ ಅಮ್ಮ ತಗ್ಗಿದ ಧ್ವನಿಯಲ್ಲಿ, ‘ಅಣ್ಣಾ, ಅದನ್ನು ಹಿಂದೆ ಕೊಡಿ, ಬಿಚ್ಚಿ ಸರಿ ಮಾಡಿ ತರುತ್ತೇನೆ’ ಎಂದಳು. ಅವನು ತಲೆ ಎತ್ತದೆ, ‘ಹಾಗಾದರೆ ಮುಂದಿನ ವಾರ ಎಲೆ ಬೇಡವಾ?’ ಎಂದ. ಅಮ್ಮ ಮತ್ತೆ ಮಾತನಾಡಲಿಲ್ಲ. ನಾನು ಮುಂದೆ ಕಾಲೇಜಿನಲ್ಲಿ ಕಾರ್ಮಿಕ ಅರ್ಥಶಾಸ್ತ್ರ ಓದಿದಾಗ ಪುಸ್ತಕದ ಹಲವು ಅಧ್ಯಾಯಗಳು ಆ ಒಂದು ವಾಕ್ಯದ ವಿವರಣೆಯಂತೆ ಕಂಡವು.

ಸಾವಿರಕ್ಕೆ ಎಷ್ಟು ಎಂಬುದು ಸರ್ಕಾರದ ಅಧಿಸೂಚನೆಯಲ್ಲಿರುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಅದು ದರ. ಶನಿವಾರ ಸಂಜೆ ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ತರುವುದು ಗಳಿಕೆ. ಇವೆರಡರ ನಡುವೆ ಎಷ್ಟು ಅಂತರವಿದೆ, ಆ ಅಂತರವನ್ನು ಯಾರು ನಿರ್ಧರಿಸುತ್ತಾರೆ ಎಂಬುದೇ ನನ್ನ ಇವತ್ತಿನ ಮಾತು.

ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. ಅಂಕಿಗಳು ಲೆಕ್ಕದ ಸಲುವಾಗಿ ನಾನೇ ಇಟ್ಟುಕೊಂಡವು. ಸಾವಿರಕ್ಕೆ 250 ರೂಪಾಯಿ ಎಂದುಕೊಳ್ಳಿ. ಒಬ್ಬ ಹೆಂಗಸು ದಿನಕ್ಕೆ 800ರಂತೆ ವಾರದಲ್ಲಿ ಐದು ದಿನ ಕಟ್ಟಿದರೆ 4,000 ಬೀಡಿ, ಅಂದರೆ 1,000 ರೂಪಾಯಿ. ಬ್ರಾಂಚಿನಲ್ಲಿ ಕೊಟ್ಟ ಎಲೆ 4,000ಕ್ಕೆ ಸಾಕಾಗಲಿಲ್ಲ, ತೂತು ಬಿದ್ದ ಎಲೆ ಬಹಳವಿತ್ತು. ಕಡಿಮೆ ಬಿದ್ದದ್ದಕ್ಕೆ ಆಕೆ 40 ರೂಪಾಯಿಯ ಎಲೆ ಕೊಂಡಳು. ಎಡಗಡೆಯ ಬುಟ್ಟಿಗೆ ಆರು ಕಟ್ಟು ಬಿದ್ದವು. 150 ಬೀಡಿ, 37 ರೂಪಾಯಿ 50 ಪೈಸೆ. ಭವಿಷ್ಯನಿಧಿಗೆ ಶೇ 10, ಅಂದರೆ 100 ರೂಪಾಯಿ ಕಡಿತ. ಅದು ಆಕೆಯದೇ ಹಣ, ಅದನ್ನು ನಷ್ಟವೆನ್ನುವುದಿಲ್ಲ. ಅದನ್ನೂ ಸೇರಿಸಿದರೆ ವಾರದ ಗಳಿಕೆ 922 ರೂಪಾಯಿ 50 ಪೈಸೆ. ಈಗ ಗಂಟೆ ಎಣಿಸೋಣ. ಎಲೆ ಕತ್ತರಿಸುವುದೂ ಸೇರಿ ದಿನಕ್ಕೆ ಎಂಟು ಗಂಟೆಯಂತೆ ನಲವತ್ತು. ಬ್ರಾಂಚಿಗೆ ಹೋಗಿ, ಸಾಲಿನಲ್ಲಿ ಕಾದು, ಬರುವುದಕ್ಕೆ ಮೂರು. ಶಾಲೆಯಿಂದ ಬಂದ ಮಗಳು ದಿನಕ್ಕೆ ಒಂದು ಗಂಟೆ ನೂಲು ಕಟ್ಟಿದಳು, ಅದು ಐದು. ಒಟ್ಟು ನಲವತ್ತೆಂಟು ಗಂಟೆ. ಗಂಟೆಗೆ 19 ರೂಪಾಯಿ ಚಿಲ್ಲರೆ.

ಇನ್ನೂ ಒಂದು ಮೆಟ್ಟಿಲು ಇಳಿಯೋಣ. ಮುಂದಿನ ವರ್ಷ ದರ ಶೇ 10ರಷ್ಟು ಏರಿ 275 ಆಯಿತು. ಪತ್ರಿಕೆಯಲ್ಲಿ ‘ಬೀಡಿ ಕಾರ್ಮಿಕರ ಕೂಲಿ ಹೆಚ್ಚಳ’ ಎಂದು ಬಂತು. ಆದರೆ ಬ್ರಾಂಚಿನಲ್ಲಿ ಐದು ದಿನಕ್ಕಾಗುವಷ್ಟು ಎಲೆ ಕೊಡುತ್ತಿದ್ದದ್ದು ನಾಲ್ಕು ದಿನಕ್ಕೆ ಇಳಿಯಿತು. 3,200 ಬೀಡಿಗೆ 880 ರೂಪಾಯಿ. ದರ ಏರಿತು, ಕಡಿತಕ್ಕೆ ಮೊದಲಿನ ಕೂಲಿಯೇ ಸಾವಿರದಿಂದ 880ಕ್ಕೆ ಇಳಿಯಿತು. ಕಾನೂನನ್ನು ಯಾರೂ ಮುರಿಯಲಿಲ್ಲ. ದಿನಗೂಲಿಯವರಿಗೆ ಕೆಲಸವಿಲ್ಲದ ದಿನ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ಸಾವಿರದ ಲೆಕ್ಕದವರಿಗೆ ಕೆಲಸವಿಲ್ಲದಿರುವುದು ಎಲೆಯ ತೂಕದೊಳಗೆ ಅಡಗಿರುತ್ತದೆ. ಹಾಗಾಗಿ ‘ದರ ಎಷ್ಟು’ ಎಂದು ಕೇಳಿ ಹಿಂತಿರುಗುವ ಸಂಶೋಧಕರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಎಲೆ, ಬೀಡಿಯ ಲೆಕ್ಕವನ್ನು ಬ್ರಾಂಚಿನಲ್ಲಿ ಬರೆದುಕೊಡುವ ಪುಸ್ತಕ ನೋಡಿ. ಕಳೆದ ಆರು ತಿಂಗಳಲ್ಲಿ ಎಷ್ಟು ಎಲೆ ಕೊಟ್ಟಿದ್ದಾರೆ, ಎಷ್ಟು ಬೀಡಿ ಬರೆದುಕೊಂಡಿದ್ದಾರೆ ಎಂದು ನೋಡಿ.

ಎಡಗಡೆಯ ಬುಟ್ಟಿಗೆ ಮತ್ತೆ ಬರುತ್ತೇನೆ, ಏಕೆಂದರೆ ಅದಕ್ಕೆ ಒಂದು ದೊಡ್ಡ ಚರಿತ್ರೆಯಿದೆ.

ಬೀಡಿ ಕಟ್ಟುವವರಿಗೆ ಮಾಲೀಕರು ಯಾರು? ಕಂಪನಿಯೋ, ಗುತ್ತಿಗೆದಾರನೋ, ಅಥವಾ ಮನೆಯ ಜಗಲಿಯಲ್ಲಿ ಕುಳಿತವರು ಸ್ವತಃ ತಮಗೆ ತಾವೇ ಮಾಲೀಕರೋ? ಈ ಪ್ರಶ್ನೆಯ ಮೇಲೆ ಸುಪ್ರೀಂ ಕೋರ್ಟಿನಲ್ಲಿ ದಶಕಗಳ ಕಾಲ ವಾದ ನಡೆಯಿತು. 1958ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ, ಬೀಡಿ ಕಟ್ಟಿಸಿ ತಂದುಕೊಡುವ ‘ಸಟ್ಟೇದಾರರು’ ಸ್ವತಂತ್ರ ಗುತ್ತಿಗೆದಾರರು, ಕಾರ್ಖಾನೆಯ ಕಾರ್ಮಿಕರಲ್ಲ ಎಂದು ನ್ಯಾಯಾಲಯ ಹೇಳಿತು. 1964ರಲ್ಲಿ ಮದ್ರಾಸಿನಿಂದ ಹೋದ ಪ್ರಕರಣದಲ್ಲಿ ದಿಕ್ಕು ಬದಲಾಯಿತು. ಸ್ವತಂತ್ರ ಎನ್ನಿಸಿಕೊಂಡ ಆ ಗುತ್ತಿಗೆದಾರರು ತಾವೇ ಬಡವರು, ಕಂಪನಿ ಹೇಳಿದಂತೆ ನಡೆಯುವವರು, ಆದ್ದರಿಂದ ಬೀಡಿ ಕಟ್ಟುವವರು ಕಂಪನಿಯ ಕಾರ್ಮಿಕರೇ ಎಂದಾಯಿತು. ಎರಡು ವರ್ಷದ ನಂತರ, 1966ರಲ್ಲಿ, ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮಾಲೀಕನಿಂದಲೋ ಗುತ್ತಿಗೆದಾರನಿಂದಲೋ ಎಲೆ, ಹೊಗೆಸೊಪ್ಪು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರು ಎಂದು ಅದರಲ್ಲಿ ಬರೆಯಲಾಯಿತು. ಎಲೆ ಕೊಡುವುದರ ಬಗ್ಗೆ, ಬೀಡಿ ತಿರಸ್ಕರಿಸುವುದರ ಬಗ್ಗೆ, ತಿರಸ್ಕರಿಸಿದ ಬೀಡಿಯ ಕೂಲಿಯ ಬಗ್ಗೆ ಜಗಳವಾದರೆ ಅದನ್ನು ತೀರ್ಮಾನಿಸಲು ವ್ಯವಸ್ಥೆಯೂ ಆಯಿತು. ನನ್ನ ಅಮ್ಮನ ಶನಿವಾರದ ಸಂಕಟ ದೇಶದ ಸಂಸತ್ತಿಗೆ ಗೊತ್ತಿತ್ತು ಎಂಬುದನ್ನು ಆ ಕಲಮು ಓದಿದಾಗ ತಿಳಿದೆ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತಿತರರು ಈ ಕಾಯ್ದೆಯನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಉಳಿದದ್ದು ಭವಿಷ್ಯನಿಧಿಯ ಪ್ರಶ್ನೆ. ಮನೆಯಲ್ಲಿ ಕುಳಿತು ಕಟ್ಟುವವರ ಮೇಲೆ ನಮಗೆ ಯಾವ ಮೇಲ್ವಿಚಾರಣೆಯೂ ಇಲ್ಲ, ಅವರು ನಮ್ಮ ಕಾರ್ಮಿಕರಾಗುವುದು ಹೇಗೆ ಎಂದು ಕಂಪನಿಗಳು ವಾದಿಸಿದವು. 1985ರ ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರವನ್ನು ನೀವು ಮನಸ್ಸಿಟ್ಟು ಕೇಳಬೇಕು. ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತಿರಸ್ಕರಿಸುವ ಹಕ್ಕು ಕಂಪನಿಗೆ ಇದೆಯಲ್ಲ, ಆ ಹಕ್ಕೇ ಮೇಲ್ವಿಚಾರಣೆ, ಆ ಹಕ್ಕೇ ನಿಯಂತ್ರಣ ಎಂದಿತು ನ್ಯಾಯಾಲಯ. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕು ಎಂದಾಯಿತು. ವಾರವಾರವೂ ಅಮ್ಮನ ಕೂಲಿಯನ್ನು ಕಡಿಯುತ್ತಿದ್ದ ಆ ಎಡಗಡೆಯ ಬುಟ್ಟಿಯೇ ಅವಳು ಕಾರ್ಮಿಕಳು ಎನ್ನುವುದಕ್ಕೆ ಸಾಕ್ಷಿಯಾಯಿತು. ಈ ತೀರ್ಪನ್ನು ಮೊದಲ ಸಲ ಓದಿದ ದಿನ ನಾನು ಗ್ರಂಥಾಲಯದಲ್ಲಿ ಕುಳಿತು ಅತ್ತಿದ್ದೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇಷ್ಟೆಲ್ಲ ಕಾನೂನು ಇದ್ದೂ ಚೆಕ್ಕರ್ ‘ಎಲೆ ಬೇಡವಾ’ ಎಂದಾಗ ಅಮ್ಮ ಸುಮ್ಮನಾದದ್ದೇಕೆ? ಬೇರೆ ಬಾಗಿಲು ಇರಲಿಲ್ಲ, ಅದಕ್ಕೆ.

ನಮ್ಮೂರಿಗೆ ಇದ್ದದ್ದು ಒಂದೇ ಬ್ರಾಂಚು. ಇನ್ನೊಂದಕ್ಕೆ ಹೋಗಬೇಕಾದರೆ ಬಸ್ಸಿಗೆ ದುಡ್ಡು ಬೇಕು, ಅರ್ಧ ದಿನ ಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ, ಹಟ್ಟಿಯಲ್ಲಿ ಎರಡು ದನ, ಚಿಕ್ಕ ಮಕ್ಕಳು. ಗೇರುಬೀಜದ ಕಾರ್ಖಾನೆಗೆ ಬೆಳಿಗ್ಗೆ ಹೋಗಿ ಸಂಜೆ ಬರುವಂತಿರಲಿಲ್ಲ. ಬೀಡಿಯಾದರೆ ಅನ್ನ ಬೇಯುವಾಗಲೂ ಕಟ್ಟಬಹುದು. ಇದನ್ನು ಅಮ್ಮ ಬೀಡಿಯ ಗುಣವೆಂದು ಹೇಳುತ್ತಿದ್ದಳು, ಅದು ಸುಳ್ಳೂ ಅಲ್ಲ. ಆದರೆ ಮನೆ ಬಿಟ್ಟು ಕದಲಲಾಗದ ಹೆಂಗಸರು ಊರಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕ ಬ್ರಾಂಚಿಗೂ ಇರುತ್ತದೆ. ದುಡಿಮೆಯನ್ನು ಮಾರುವವರು ನೂರಾರು, ಕೊಳ್ಳುವವನು ಒಬ್ಬನೇ ಆದಾಗ ಕೂಲಿಯನ್ನು ತಗ್ಗಿಸಿ ಹಿಡಿಯುವ ಶಕ್ತಿ ಕೊಳ್ಳುವವನ ಕೈಗೆ ಬರುತ್ತದೆ ಎಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ವಿವರಿಸಿದರು. ಅವರು ಬಳಕೆಗೆ ತಂದ ‘ಮಾನೋಪ್ಸನಿ’ ಎಂಬ ಹೆಸರು ನಿಮ್ಮ ಪಠ್ಯದಲ್ಲಿದೆ. ಪರೀಕ್ಷೆಯಲ್ಲಿ ರೇಖಾಚಿತ್ರ ಬಿಡಿಸುವಾಗ ಆ ಜಗಲಿಯ ಸಾಲನ್ನು ನೆನಪಿಸಿಕೊಳ್ಳಿ.

ಬಾಗಿಲುಗಳ ಈ ವಿಚಾರ ಎಷ್ಟು ಗಟ್ಟಿ ಎಂಬುದಕ್ಕೆ ಎರಡು ಘಟನೆಗಳನ್ನು ಹೇಳುತ್ತೇನೆ.

ಮೊದಲನೆಯದು ಇಂದಿನ ಮಧ್ಯಪ್ರದೇಶದ ಸಾಗರ ಜಿಲ್ಲೆಯದು. ಅಲ್ಲಿನ ಹಳ್ಳಿಗಳಲ್ಲಿ ಜನ ಹೊಲದ ಕೂಲಿ ಬಿಟ್ಟು ಬೀಡಿ ಕಟ್ಟಲು ಕುಳಿತುಬಿಡುತ್ತಾರೆ, ಬೇಸಾಯಕ್ಕೆ ಆಳು ಸಿಗುವುದಿಲ್ಲ ಎಂದು 1948ರಲ್ಲಿ ಒಂದು ಕಾನೂನು ಬಂತು. ಅದರ ಬಲದಿಂದ 1950ರ ಬೇಸಾಯದ ಹಂಗಾಮಿನಲ್ಲಿ ಕೆಲವು ಹಳ್ಳಿಗಳಲ್ಲಿ ಬೀಡಿ ಕಟ್ಟುವುದನ್ನೇ ಜಿಲ್ಲಾಡಳಿತ ನಿಷೇಧಿಸಿತು. ಹೊಲದಲ್ಲಿ ದುಡಿಯಲಾಗದ ಮುದುಕರು, ಅಂಗವಿಕಲರು, ಮಕ್ಕಳೊಂದಿಗಳಾದ ಹೆಂಗಸರು ಕೂಡ ಕಟ್ಟುವಂತಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ಅಸಾಂವಿಧಾನಿಕವೆಂದು ರದ್ದು ಮಾಡಿತು. ಕಾನೂನು ವಿದ್ಯಾರ್ಥಿಗಳು ಇದನ್ನು ವೃತ್ತಿ ಸ್ವಾತಂತ್ರ್ಯದ ತೀರ್ಪೆಂದು ಓದುತ್ತಾರೆ. ನಾನು ಇದನ್ನು ಕೂಲಿಯ ತೀರ್ಪೆಂದು ಓದುತ್ತೇನೆ. ಬೀಡಿಯ ಕೂಲಿ ಎಷ್ಟೇ ಕಡಿಮೆಯಿದ್ದರೂ ಅದು ಕೃಷಿಕೂಲಿಗೆ ಇದ್ದ ಇನ್ನೊಂದು ಬಾಗಿಲು. ಆಳು ಬೇಕಾದವರು ಕೂಲಿ ಹೆಚ್ಚಿಸುವ ಬದಲು ಆ ಬಾಗಿಲಿಗೆ ಬೀಗ ಹಾಕಿಸಲು ನೋಡಿದರು.

ಎರಡನೆಯದು ನಮ್ಮ ಪಕ್ಕದ ಕಣ್ಣೂರಿನದು, ಅದಕ್ಕೆ ನಮ್ಮ ಜಿಲ್ಲೆಯ ನಂಟಿದೆ. ಅಲ್ಲಿ ಬೀಡಿ ಕಟ್ಟುವವರು ಮನೆಯಲ್ಲಿ ಅಲ್ಲ, ಶೆಡ್ಡಿನಲ್ಲಿ ಒಟ್ಟಿಗೆ ಕುಳಿತು ಕಟ್ಟುತ್ತಿದ್ದರು. ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತ ಕಟ್ಟುತ್ತಿದ್ದರು. ಒಟ್ಟಿಗೆ ಕೂತವರು ಒಟ್ಟಿಗೆ ಕೇಳಿದರು, ಒಟ್ಟಿಗೆ ಸಂಘ ಕಟ್ಟಿದರು. 1966ರ ಕಾಯ್ದೆಯನ್ನು ಜಾರಿಗೆ ತರಲು ಕೇರಳ ಸರ್ಕಾರ ಮುಂದಾದಾಗ, 1968ರಲ್ಲಿ, ಮಂಗಳೂರು ಮೂಲದ ದೊಡ್ಡ ಕಂಪನಿಗಳು ಕಣ್ಣೂರಿನ ಶೆಡ್ಡುಗಳನ್ನು ಮುಚ್ಚಿದವು. ಸುಮಾರು 12,000 ಮಂದಿಯ ಕೆಲಸ ಹೋಯಿತು. ಅವರು ಸರ್ಕಾರದ ನೆರವಿನಿಂದ 1969ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ಅದೇ ಕೇರಳ ದಿನೇಶ್ ಬೀಡಿ. ಮುಚ್ಚಿದ ಬಾಗಿಲಿನ ಎದುರು ನಿಂತು ತಮ್ಮದೇ ಮನೆ ಕಟ್ಟಿಕೊಂಡವರು ಅವರು. ಬೀಡಿ ಸೇದುವವರು ಕಡಿಮೆಯಾಗುತ್ತ ಬಂದಂತೆ ಆ ಸಂಘವೂ ಕೊಡೆ, ಮಸಾಲೆಪುಡಿ, ಬಟ್ಟೆಗಳ ಕಡೆಗೆ ಹೊರಳಬೇಕಾಯಿತು. ಕೊಳ್ಳುವವರು ಇಲ್ಲದ ಸರಕಿನಿಂದ ಒಳ್ಳೆಯ ಕೂಲಿಯನ್ನು ಸಹಕಾರ ಸಂಘವೂ ಬಹುಕಾಲ ಕೊಡಲಾರದು.

ನಮ್ಮ ಕಡೆಯ ಹೆಂಗಸರು ಒಂಟಿಯಾಗಿ, ತಮ್ಮ ತಮ್ಮ ಜಗಲಿಯಲ್ಲಿ, ರೇಡಿಯೊ ಕೇಳುತ್ತ ಕಟ್ಟಿದರು. ಸಂಘಗಳು ಇಲ್ಲಿಯೂ ಹುಟ್ಟಿದವು, ತುಟ್ಟಿಭತ್ಯೆಗಾಗಿ ಮೆರವಣಿಗೆ ಹೋದವು, ಭವಿಷ್ಯನಿಧಿಯ ಕಚೇರಿಯ ಮೆಟ್ಟಿಲು ಹತ್ತಿದವು. ನಮಗೆ ಸಿಕ್ಕ ಸವಲತ್ತುಗಳಲ್ಲಿ ಅವುಗಳ ಬೆವರಿದೆ. ಆದರೂ ಒಂದು ಶೆಡ್ಡಿನಲ್ಲಿ ಕುಳಿತ ನೂರು ಮಂದಿಗೆ ಇರುವ ಬಲ ನೂರು ಜಗಲಿಗಳಲ್ಲಿ ಕುಳಿತ ನೂರು ಮಂದಿಗೆ ಬರುವುದು ಕಷ್ಟ. ಕೆಲಸ ಎಲ್ಲಿ ನಡೆಯುತ್ತದೆ ಎಂಬುದೂ ಕೂಲಿಯ ಭಾಗವೇ. ಅರ್ಥಶಾಸ್ತ್ರದ ಪುಸ್ತಕಗಳು ಇದನ್ನು ಬೇಗ ಹೇಳಿ ಮುಗಿಸುತ್ತವೆ.

ಈಚಿನ ವರ್ಷಗಳಲ್ಲಿ ಬಾಗಿಲುಗಳು ತೆರೆದಿವೆ. ಉದ್ಯೋಗ ಖಾತರಿ ಬಂದಾಗ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಎಂಬುದನ್ನು ಎಷ್ಟೋ ಹೆಂಗಸರು ಮೊದಲ ಬಾರಿ ಕಂಡರು. 2024–25ರಲ್ಲಿ ಕರ್ನಾಟಕದಲ್ಲಿ ಆ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಮಂಗಳೂರಿನ ಬಟ್ಟೆ ಅಂಗಡಿ, ಆಸ್ಪತ್ರೆ, ಮಾಲ್‌ಗಳಿಗೆ ಹೆಣ್ಣುಮಕ್ಕಳು ಬಸ್ಸಿನಲ್ಲಿ ಹೋಗಿಬರುತ್ತಿದ್ದಾರೆ. ನನ್ನ ಅಕ್ಕನ ಮಗಳಿಗೆ ಬೀಡಿಯ ಬಾಯಿ ಮಡಚಲು ಬರುವುದಿಲ್ಲ, ಬರಬೇಕೆಂದು ನಮ್ಮಲ್ಲಿ ಯಾರಿಗೂ ಆಸೆಯಿಲ್ಲ. ಕಟ್ಟುವವರು ಕಡಿಮೆಯಾದರೆ ಕೂಲಿ ಏರಬೇಕಲ್ಲವೇ ಎಂದು ನೀವು ಕೇಳಬಹುದು. ಬೀಡಿಯ ಬೇಡಿಕೆಯೂ ಜೊತೆಯಲ್ಲೇ ಇಳಿಯಿತು. ಉಳಿದದ್ದು ಬೇರೆ ಕಡೆಗೆ ಹೋಗಲಾಗದ ಐವತ್ತು, ಅರವತ್ತು ದಾಟಿದ ಹೆಂಗಸರು. ಅವರಿಗೆ ವಾರಕ್ಕೆ ಎರಡು, ಮೂರು ದಿನದ ಎಲೆ. ಧೂಳಿಗೆ ಕೆಮ್ಮುತ್ತ, ಬೆನ್ನು ಬಗ್ಗಿಸಿ ಅಷ್ಟನ್ನೇ ಕಟ್ಟುತ್ತಾರೆ. ಹೊಗೆಸೊಪ್ಪು ಕಡಿಮೆಯಾಗುವುದು ಊರಿಗೆ ಒಳ್ಳೆಯದು ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ಅದರ ಖರ್ಚನ್ನು ಈ ಹೆಂಗಸರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗರಲ್ಲಿ ಮೂವರು ಸಂಜೆ ಮಂಗಳೂರಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತೀರಿ ಎಂದು ನಿಮ್ಮ ಅಧ್ಯಾಪಕರು ಹೇಳಿದರು. ನಿಮಗೆ ಈ ಕಥೆ ಹಳೆಯದೆನಿಸಿದರೆ ಹೆಸರುಗಳನ್ನು ಬದಲಾಯಿಸಿ ನೋಡಿ. ಎಲೆಯ ಜಾಗದಲ್ಲಿ ಆರ್ಡರ್, ಚೆಕ್ಕರ್‌ನ ಜಾಗದಲ್ಲಿ ರೇಟಿಂಗ್, ಬ್ರಾಂಚಿನ ಜಾಗದಲ್ಲಿ ಆ್ಯಪ್. ಒಂದು ಆರ್ಡರಿಗೆ ಇಷ್ಟು ಎಂಬುದು ದರ. ಹೋಟೆಲಿನ ಮುಂದೆ ಕಾದ ಹೊತ್ತು, ಪೆಟ್ರೋಲು, ಆರ್ಡರ್ ಬಾರದ ಮಧ್ಯಾಹ್ನ ಇವನ್ನೆಲ್ಲ ಕಳೆದು ಉಳಿಯುವುದು ಗಳಿಕೆ. ‘ನೀವು ಕಾರ್ಮಿಕರಲ್ಲ, ಪಾಲುದಾರರು’ ಎಂಬ ಮಾತು 1958ರ ‘ಸ್ವತಂತ್ರ ಗುತ್ತಿಗೆದಾರ’ನ ತಮ್ಮನೇ. ಕರ್ನಾಟಕ 2025ರಲ್ಲಿ ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ಮಾಡಿದೆ. ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡಲು ಅದರಲ್ಲಿ ಅವಕಾಶವಿದೆ. ಅದು ಒಳ್ಳೆಯ ಹೆಜ್ಜೆ. ಆದರೆ ಒಂದು ಆರ್ಡರಿಗೆ ಕನಿಷ್ಠ ಎಷ್ಟು ಎಂಬುದು ಅದರಲ್ಲಿ ಇಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, 1966ರ ಬೀಡಿ ಕಾಯ್ದೆ ಅವುಗಳಲ್ಲಿ ಒಂದರೊಳಗೆ ಸೇರಿಹೋಗಿದೆ. ಎಲೆ ಮತ್ತು ಎಡಗಡೆಯ ಬುಟ್ಟಿಯ ಜಗಳವನ್ನು ತೀರ್ಮಾನಿಸುವ ಆ ಪುಟ್ಟ ಕಲಮು ನೆಲದ ಮೇಲೆ ಉಳಿಯುತ್ತದೆಯೇ ಎಂದು ನಾನು ಕಾಯುತ್ತಿದ್ದೇನೆ.

ಮಾತು ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಮೇಡಂ, ನನ್ನ ಅಜ್ಜಿ, ದೊಡ್ಡಮ್ಮ ಇಬ್ಬರೂ ಮೂವತ್ತು ವರ್ಷ ಕಟ್ಟಿದ್ದಾರೆ. ಪುಸ್ತಕ ಇದ್ದದ್ದು ಅಜ್ಜಿಯ ಹೆಸರಿನಲ್ಲಿ ಮಾತ್ರ. ದೊಡ್ಡಮ್ಮನಿಗೆ ಪಿಂಚಣಿ ಬರುತ್ತದೆಯಾ?’

ಈ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ಕಷ್ಟವಾಯಿತು. ಭವಿಷ್ಯನಿಧಿಯ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಸೇವೆ ಲೆಕ್ಕಕ್ಕೆ ಬರುವುದು ಹೆಸರು ಇರುವವರದು. ಹೆಸರಿನ ಅಕ್ಷರ ತಪ್ಪಿದ್ದರೆ, ಹುಟ್ಟಿದ ದಿನಾಂಕ ತಪ್ಪಿದ್ದರೆ ಕಂಪನಿಯ ಸಹಿ ಹಾಕಿಸಿ ತಿದ್ದಿಸಬಹುದು, ಅದಕ್ಕೆ ದಾರಿಯಿದೆ. ಹೆಸರೇ ಇಲ್ಲದಿದ್ದರೆ ಆ ಮೂವತ್ತು ವರ್ಷ ಅಜ್ಜಿಯ ಪುಸ್ತಕದೊಳಗೆ ಕರಗಿಹೋಗಿದೆ. ಸಂಜೆ ಶಾಲೆಯಿಂದ ಬಂದು ನಾನು ಕಟ್ಟಿದ ನೂಲೆಲ್ಲ ಅಮ್ಮನ ಲೆಕ್ಕದಲ್ಲಿ ಸೇರಿದ ಹಾಗೆ. ನನಗೆ ಓದು ಸಿಕ್ಕಿತು, ಅವಳ ದೊಡ್ಡಮ್ಮನಿಗೆ ಅದೂ ಸಿಗಲಿಲ್ಲ.

ಅಜ್ಜಿಗೆ ಎಷ್ಟು ಬರುತ್ತದೆ ಎಂದು ಕೇಳಿದೆ. ಸಾವಿರ ರೂಪಾಯಿ ಎಂದಳು. 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ಅದು, ತಿಂಗಳಿಗೆ. ಹಲಗೆಯ ಮೇಲೆ ನಾನು ಬರೆದ ಲೆಕ್ಕ ಇನ್ನೂ ಅಳಿಸಿರಲಿಲ್ಲ. ನಾಲ್ಕು ಸಾವಿರ ಬೀಡಿ, ನೂರ ಅರವತ್ತು ಕಟ್ಟು, ಒಂದು ವಾರದ ಕೂಲಿ. ಹುಡುಗಿ ಅದನ್ನೇ ನೋಡುತ್ತ ನಿಂತಿದ್ದಳು. ಅಜ್ಜಿಯ ಹಳೆಯ ಪುಸ್ತಕಗಳು ಮನೆಯಲ್ಲಿ ಇನ್ನೂ ಇವೆಯಾ ಎಂದು ಕೇಳಿದೆ. ಅಟ್ಟದ ಮೇಲೆ ಗೋಣಿಯಲ್ಲಿ ಕಟ್ಟಿಟ್ಟಿದ್ದಾರೆ ಎಂದಳು. ಒಂದನ್ನೂ ಎಸೆಯಬೇಡಿ, ಮುಂದಿನ ಶನಿವಾರ ಎಲ್ಲವನ್ನೂ ತೆಗೆದುಕೊಂಡು ಬಾ, ಒಟ್ಟಿಗೆ ಕುಳಿತು ನೋಡೋಣ ಎಂದೆ.